ತಲೆ ಮುಟ್ಟಿ ಹೇಳಿದ ಮಾತು

ಆಗಸ್ಟ್ 25, ಸೋಮವಾರ. ಬೆಳಿಗ್ಗೆ, ಬಾರ್ಟ್ ರೈಲಿನಲ್ಲಿ

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೆರ್ರಿಯೆಸಾದಲ್ಲಿ ಹತ್ತುವುದರ ಒಂದೇ ಲಾಭ — ಮೊದಲ ಸ್ಟೇಷನ್ನು. ಓಕ್ಲ್ಯಾಂಡ್ ಬರುವ ತನಕ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಗ್ಯಾರೇಜ್ ಬಾಗಿಲು ಹಾಕಿದೆನಾ? ಹಾಕಿದೆ. ಹಾಕಿದೆ ಅನಿಸುತ್ತೆ. ಇವರಿಗೆ ಮೆಸೇಜ್ ಮಾಡಿ ಕೇಳಿದರೆ ನಗುತ್ತಾರೆ. ಸ್ಯಾನ್ ಮಟಿಯೋ ಆಫೀಸಿಗೆ ಓಡುವ ಗಡಿಬಿಡಿಯಲ್ಲೂ ನನ್ನನ್ನು ನೋಡಿ ನಗಲು ಮಾತ್ರ ಪುರುಸೊತ್ತು ಇರುತ್ತೆ. "ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಏನೂ ಸಿಗಲಿಲ್ಲಲ್ಲಾ ಅಂತ ಚಿಂತಿ ಮಾಡ್ತಿ ನೀ." ಮದುವೆಯಾದಾಗಿನಿಂದ ಇದೇ ಡೈಲಾಗು.

ಹಾನೆಸ್ ರೊಟ್ಟಿ ತಿಂದು ಟ್ರೇನಿಂಗಿಗೆ ಹೋದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಗ ಸ್ನೇಹಲ್ ಹದಿನೆಂಟು ವರ್ಷದಲ್ಲಿ ತಿಂದಷ್ಟು ರೊಟ್ಟಿ ಈ ಜರ್ಮನ್ ಹುಡುಗ ಆರು ತಿಂಗಳಲ್ಲಿ ತಿಂದಿದ್ದಾನೆ. ಸ್ನೇಹಲ್ ಕಾಲೇಜಿಗೆಂದು ಸ್ಯಾನ್ ಡಿಯೇಗೋಗೆ ಹೋದ ಮೇಲೆ ಅವನ ಕೋಣೆ ಖಾಲಿ ಇತ್ತು. ಅವನ ಹಳೇ ಕೋಚ್ ಕೇಳಿದರು — ಫುಟ್ಬಾಲ್ ಕ್ಲಬ್ಬಿಗೆ ಹೊರಗಿನಿಂದ ಬರುವ ಹುಡುಗರಿಗೆ ಮನೆ ಬೇಕು, ಇಟ್ಟುಕೊಳ್ಳುತ್ತೀರಾ ಅಂತ. ಫೆಬ್ರವರಿಯಲ್ಲಿ ಹಾನೆಸ್ ಬಂದ. ಇಪ್ಪತ್ತು ವರ್ಷ. ಡಿಫೆಂಡರ್. ಜರ್ಮನಿಯ ದೊಡ್ಡ ಕ್ಲಬ್ಬೊಂದು ಒಂದು ಸೀಸನ್ನಿಗೆ ಇಲ್ಲಿಯವರಿಗೆ ಲೋನ್ ಮೇಲೆ ಕೊಟ್ಟಿದೆ. ಮನುಷ್ಯರನ್ನೂ ಲೋನ್ ಕೊಡುತ್ತಾರೆ ಅಂತ ಕೇಳಿ ಅತ್ತೆ ಬಡ್ಡಿ ಎಷ್ಟು ಅಂದಿದ್ದರು.

ಅತ್ತೆಯ ಬಾಯಲ್ಲಿ ಹಾನೆಸ್ ಅನ್ನುವುದು ನಿಲ್ಲಲಿಲ್ಲ. ಹಣಮಂತ ಆಗಿದ್ದಾನೆ. ಅವನೂ ಓಗೊಡುತ್ತಾನೆ.

ಸೆಪ್ಟೆಂಬರ್ 20ರ ಮ್ಯಾಚಿಗೆ ಆ ಜರ್ಮನ್ ಕ್ಲಬ್ಬಿನಿಂದ ಒಬ್ಬರು ಬರುತ್ತಾರಂತೆ. ಇವನನ್ನು ನೋಡಲಿಕ್ಕೇ. ಆಟ ಚೆನ್ನಾಗಿದ್ದರೆ ಮುಂದಿನ ವರ್ಷ ಅಲ್ಲಿಯ ಮೊದಲ ಟೀಮು. ಇಲ್ಲದಿದ್ದರೆ…  

ಗ್ಯಾರೇಜ್ ಹಾಕಿದ್ದೇನೆ. ಈಗ ನೆನಪಾಯಿತು.

ಆಗಸ್ಟ್ 28, ಗುರುವಾರ

ನಿನ್ನೆ ಗಣೇಶ ಚೌತಿ. ರಜೆ ಹಾಕಿದ್ದೆ. ಹೂರಣದ ಕಡಬು ಮಾಡಿ ಮುಚ್ಚಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಹಗುರ. ಅತ್ತೆಗೆ ಶುಗರ್ ಇದೆ. ಕೇಳಿದರೆ ನಾನ್ಯಾಕ ತಿನ್ನಲಿ ಅಂತ ಬಾಯಿ ಒರೆಸಿಕೊಂಡರು. ಬಾಯಿ ಯಾಕೆ ಒರೆಸಬೇಕಿತ್ತೋ.

ಹಾನೆಸ್ ಅಲ್ಲೇ ಕೂತಿದ್ದ. ಹಂಗಾರ ಹಣಮಂತನ ತಲಿ ಮುಟ್ಟಿ ಹೇಳ್ರಿ ಅಂದೆ. ಅತ್ತೆ ಕೈ ಎತ್ತಿದರು. ಅವನ ಕೂದಲಿನ ತನಕ ಹೋದ ಕೈ ಅಲ್ಲೇ ನಿಂತಿತು. ವಾಪಸ್ ಬಂತು. "ಎರಡು ತಿಂದೀನಿ" ಅಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹಾನೆಸ್‌ಗೆ ಅರ್ಥವಾಗಲಿಲ್ಲ. ಇವರು ಬಿಡಿಸಿ ಹೇಳಿದರು — ತಲೆ ಮುಟ್ಟಿ ಹೇಳಿದರೆ ಅದು ಆಣೆ, ಸುಳ್ಳು ಹೇಳುವ ಹಾಗಿಲ್ಲ. ಹೇಳಿದರೆ ಏನಾಗುತ್ತೆ ಅಂತ ಕೇಳಿದ. ಹೇಳಿದವರಿಗೆ ಏನೂ ಆಗಲ್ಲ, ಯಾರ ತಲೆ ಮುಟ್ಟಿದರೋ ಅವರಿಗೆ ಕೇಡು. ಅವನ ನಗು ನಿಂತಿತು. ಎಂಬತ್ತು ವರ್ಷದ ಅಜ್ಜಿ ತನ್ನ ತಲೆಗೋಸ್ಕರ ಕಡಬು ಒಪ್ಪಿಕೊಂಡಳು ಅನ್ನುವುದು ಆಗ ಹೊಳೆದಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಕೇಳಿದ — ಮಾತು ಕೊಡುವುದಕ್ಕೂ ಹೀಗೇನಾ? ಹೌದು, ಅದಕ್ಕೂ ಹೀಗೇ ಅಂದೆ.

ಇವರು ಅದೆಲ್ಲ ಮೂಢನಂಬಿಕೆ ಅಂತ ಭಾಷಣ ಶುರು ಮಾಡಿದರು. ಹಂಗಾರ ನೀವು ಇವನ ತಲಿ ಮುಟ್ಟಿ ಒಂದು ಸುಳ್ಳು ಹೇಳ್ರಿ ನೋಡೋಣು ಅಂದೆ. ಇವರಿಗೆ ತಟ್ಟನೆ ಫೋನಿನಲ್ಲಿ ಏನೋ ಅರ್ಜೆಂಟ್ ಕೆಲಸ ಬಂತು.

ಸೆಪ್ಟೆಂಬರ್ 3, ಬುಧವಾರ

ಬುಧವಾರ ಹಾನೆಸ್ ನನ್ನನ್ನು ಸ್ಟೇಷನ್ನಿನಿಂದ ಕರೆತರುತ್ತಾನೆ. ಎರಡೇ ತಿರುವು. ದಿನವೂ ಓಡಾಡುವ ದಾರಿ. ಇವತ್ತು ಎಡಕ್ಕೆ ತಿರುಗುವಲ್ಲಿ ನೇರ ಹೋದ. ಗ್ರೋಸರಿ ಏನಾದರೂ ತರುವುದಿರಬೇಕು ಅಂದುಕೊಂಡೆ. ಫ್ರೀವೇ ಬೋರ್ಡು ಕಂಡಾಗ ಎಲ್ಲಿಗೆ ಅಂತ ಕೇಳಿದೆ. ಮನೆಗೆ ಅಂದ. ಆಮೇಲೆ ಬೋರ್ಡು ನೋಡಿ ಕಾರು ತಿರುಗಿಸಿದ.

ತಿರುಗಿ ಬರುವಾಗ ಸಿಗ್ನಲ್ ಹಸಿರಾದರೂ ನಿಂತೇ ಇದ್ದ. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಆ ಸದ್ದಿಗೆ ಮುಖ ಹಿಂಡಿದ, ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ.

ಊಟಕ್ಕೆ ಕಪ್ಪು ಕನ್ನಡಕ ಹಾಕಿಕೊಂಡೇ ಕೂತ. ಲೈಟು ಜಾಸ್ತಿ ಅಂದ. ಸ್ನೇಹಲ್ ಯಾವಾಗ ಬರ್ತಾನೆ ಅಂತ ಕೇಳಿದ. ಥ್ಯಾಂಕ್ಸ್‌ಗಿವಿಂಗ್ ರಜೆಗೆ, ನವೆಂಬರಿನಲ್ಲಿ ಅಂದೆ. ರೊಟ್ಟಿ ಮುರಿದ. ಸ್ನೇಹಲ್ ಯಾವಾಗ ಬರ್ತಾನೆ ಅಂದ.

ಇವರು ಗಮನಿಸಲಿಲ್ಲ. ನಾನು ಬೇಕಂತಲೇ ಮೂರನೆಯ ಸಲ ಕೇಳುತ್ತಾನಾ ಅಂತ ಕಾದೆ. ಕೇಳಿದ.



ಸೆಪ್ಟೆಂಬರ್ 4, ಗುರುವಾರ

ಬರೆಯಬೇಕಾ ಬೇಡವಾ. ಬರೆಯುವುದು ಹೇಳಿದ ಹಾಗಲ್ಲ. ಯಾರೂ ಓದುವುದಿಲ್ಲ. ಅಲ್ಲ… ಬರೆಯುತ್ತೇನೆ.

ಗುರುವಾರ ನನಗೆ ಮನೆಯಿಂದ ಕೆಲಸ. ಹಾನೆಸ್ ಮಧ್ಯಾಹ್ನಕ್ಕೇ ಟ್ರೇನಿಂಗ್ ಮುಗಿಸಿ ಬಂದ. ಗ್ಯಾರೇಜಿನಲ್ಲಿ ವಾಷಿಂಗ್ ಮಷೀನ್ ಸದ್ದು. ಹೋಗಿ ನೋಡಿದರೆ ಬೆಡ್‌ಶೀಟು ತುರುಕುತ್ತಿದ್ದಾನೆ. ವಾಂತಿಯ ವಾಸನೆ. ನಾನು ಬಾಗಿಲು ಹಾಕಿಕೊಂಡು ನಿಂತೆ. ಹೇಳುವವರೆಗೂ ಬಿಡಲ್ಲ ಅಂದೆ.

ಹೇಳಿದ. ಮಂಗಳವಾರ ಕಾರ್ನರ್ ಕಿಕ್ ಪ್ರಾಕ್ಟೀಸಿನಲ್ಲಿ ಚೆಂಡನ್ನು ತಲೆಯಿಂದ ಹೊಡೆಯಲು ಹಾರಿದ್ದಾನೆ. ತನ್ನದೇ ಟೀಮಿನ ಗೋಲ್ ಕೀಪರನ ಮಂಡಿ ಕಿವಿ ಹಿಂದೆ ಬಡಿದಿದೆ. ಕಣ್ಣು ಕತ್ತಲೆ. ಆದರೆ ಕೋಚ್ ತಿರುಗಿ ನೋಡುವಷ್ಟರಲ್ಲಿ ಎದ್ದು ನಿಂತಿದ್ದ. ತುಟಿ ಒಡೆದಿದೆ ಅಷ್ಟೇ ಅಂದನಂತೆ.

ಡಾಕ್ಟರಿಗೆ ಹೇಳು ಅಂದೆ. ಆಗ ಉಳಿದದ್ದೂ ಬಂತು. ಇದು ಮೊದಲನೆಯದಲ್ಲ. ಹದಿನಾರರ ವಯಸ್ಸಿನಲ್ಲಿ ಒಂದು. ಹೋದ ವರ್ಷ ಜರ್ಮನಿಯಲ್ಲಿ ಒಂದು. ಎರಡನೆಯದಾದಾಗ ಅಲ್ಲಿಯ ಡಾಕ್ಟರ್, ಮೂರನೆಯದಾದರೆ ಯೋಚಿಸಬೇಕಾಗುತ್ತೆ ಅಂದಿದ್ದರಂತೆ. ಯೋಚಿಸುವುದು ಅಂದರೆ ಏನು ಅಂತ ಅವನಿಗೆ ಗೊತ್ತು. ಅವನ ಜೊತೆ ರೂಮಿನಲ್ಲಿದ್ದ ಡಿಫೆಂಡರ್ ಒಬ್ಬನ ಬಗ್ಗೆ ಹಾಗೇ ಯೋಚಿಸಿದರು. ಆತ ಈಗ ಇನ್ಶೂರೆನ್ಸ್ ಮಾರುತ್ತಾನೆ.

ಅವನ ತಾಯಿ ಊರ ಬಸ್ಸು ಓಡಿಸುತ್ತಾರೆ. ಕಾಸೆಲ್ ಹತ್ತಿರದ ಸಣ್ಣ ಊರು. ಇವನಿಗೆ ಎಂಟು ವರ್ಷವಿದ್ದಾಗಿನಿಂದ ದಿನವಿಡೀ ಬಸ್ಸು ಓಡಿಸಿ, ಸಂಜೆ ಮತ್ತೆ ಕಾರು ಹತ್ತಿ ಇವನನ್ನು ಟ್ರೇನಿಂಗಿಗೆ ಒಯ್ದವರು. ಹದಿಮೂರರಲ್ಲಿ ಒಂದು ಅಕಾಡೆಮಿ ಇವನು ನಿಧಾನ ಅಂತ ಬಿಟ್ಟಿತು. ಅಳುತ್ತಾ ಬಂದವನಿಗೆ ತಾಯಿ ಹೇಳಿದ್ದು — ಓಡೋದು ಕಮ್ಮಿಯಾದರೆ ಹಾರೋದು ಕಲಿ. ಕಲಿತ. ಎತ್ತರದ ಚೆಂಡು ಬಂದರೆ ಅದು ಇವನದೇ. ಎದುರಿನವರು ಗೋಲಿನ ಮುಂದೆ ಎತ್ತಿ ಹಾಕುವುದನ್ನು ತಲೆಯಿಂದ ಗುದ್ದಿ ಆಚೆ ಕಳಿಸುವುದು. ಅದೇ ಅವನ ಹೊಟ್ಟೆಪಾಡು. ಆ ತಲೆಗೇ ಈಗ…

ಇಪ್ಪತ್ತನೇ ತಾರೀಖಿನ ತನಕ, ಆಮೇಲೆ ನಾನೇ ಹೇಳ್ತೀನಿ ಅಂದ. ನಾನು ಆಗಲ್ಲ ಅಂದೆ. ಸ್ಟೂಲಿನ ಮೇಲೆ ಕೂತಿದ್ದವನು ನನ್ನ ಬಲಗೈ ಹಿಡಿದು ತನ್ನ ತಲೆ ಮೇಲೆ ಇಟ್ಟುಕೊಂಡ. "ಅಜ್ಜಿ ಥರ. ಯಾರಿಗೂ ಹೇಳಲ್ಲ ಅನ್ನು, ಭುವನಾ."

ಅಷ್ಟು ದೊಡ್ಡ ಹುಡುಗ. ಅಳುತ್ತಿದ್ದ. ಕೂದಲು ಬೆವರಿಗೆ ಒದ್ದೆಯಾಗಿತ್ತು. ಕೈ ಕಿತ್ತುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಿತ್ತುಕೊಳ್ಳಲಿಲ್ಲ.

ಹೇಳಲ್ಲ ಅಂದೆ.

ಸೆಪ್ಟೆಂಬರ್ 5, ಶುಕ್ರವಾರ. ಬಾರ್ಟ್

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇದೇ. ಹೇಳದಿದ್ದರೆ ಮತ್ತೊಂದು ಪೆಟ್ಟು ಬಿದ್ದು ಅವನ ತಲೆಗೆ ಕೇಡು. ಹೇಳಿದರೆ ಆಣೆ ಮುರಿದು ಅವನ ತಲೆಗೇ ಕೇಡು. ಎರಡು ಕಡೆಯಿಂದಲೂ ಅದೇ ತಲೆ.

ನಾನೇನು ಇದನ್ನೆಲ್ಲ ನಂಬುವವಳಾ? ಹುಬ್ಬಳ್ಳಿಯಲ್ಲಿ ಬಿ.ಕಾಂ. ಮಾಡಿದವಳು. ಬಂದರಿನ ಆಫೀಸಿನಲ್ಲಿ ಕಂಟೇನರ್ ಬಿಲ್ಲು ನೋಡುವವಳು. ನಂಬುವುದಿಲ್ಲ. ನಂಬದಿದ್ದರೆ ಕೈ ಯಾಕೆ ಇನ್ನೂ ಬೆಚ್ಚಗಿದೆ.

ಫೋನಿನಲ್ಲಿ ಹುಡುಕಿದೆ. ತಲೆಪೆಟ್ಟು ಆರುವ ಮೊದಲೇ ಇನ್ನೊಂದು ಬಿದ್ದರೆ ಏನಾಗುತ್ತೆ ಅಂತ. ಓದಬಾರದಿತ್ತು. ಮೂರು ಸ್ಟೇಷನ್ನು ಹೋದದ್ದೇ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಹೇಳದೆ ತಡೆಯಲು ಏನೇನು ಮಾಡಿದೆ ಅಂತ ನೆನೆದರೆ ನನಗೇ ನಗು. ಅವನ ಬೂಟು ಅಡಗಿಸಿದೆ. ಅವನ ಬಳಿ ಇನ್ನೂ ಎರಡು ಜೊತೆ ಇದ್ದವು. ಕಾರಿನ ಕೀ ತೆಗೆದುಕೊಂಡೆ, ನೀನು ಡ್ರೈವ್ ಮಾಡೋ ಹಾಗಿಲ್ಲ ಅಂದೆ. ಅದಕ್ಕೆ ಒಪ್ಪಿದ. ಟೀಮಿನ ಇನ್ನೊಬ್ಬ ಹುಡುಗ ಬಂದು ಕರೆದುಕೊಂಡು ಹೋಗುತ್ತಾನೆ. ಇವರ ಮುಂದೆ, ಹಾನೆಸ್ ಯಾಕೋ ಡಲ್ ಕಾಣ್ತಾನ ಅಲ್ಲರೀ ಅಂದೆ. ಇವರೇ ಕೇಳಲಿ, ಇವರೇ ಕಂಡುಹಿಡಿಯಲಿ ಅಂತ. "ವಯಸ್ಸಿನ ಹುಡುಗ, ಯಾವಳೋ ಕೈ ಕೊಟ್ಟಿರ್ತಾಳ ಬಿಡು" ಅಂದರು. ಇಂಥವರನ್ನು ಕಟ್ಟಿಕೊಂಡು.

ಭಾನುವಾರ ಅತ್ತೆ ಎಣ್ಣೆ ಬಟ್ಟಲು ಹಿಡಿದು ಕರೆದರು. ಪ್ರತಿ ಭಾನುವಾರ ಅವನ ತಲೆಗೆ ಹರಳೆಣ್ಣೆ ತಟ್ಟುತ್ತಾರೆ. ಮೊದಲ ಸಲ ವಾಸನೆಗೆ ಮೂಗು ಮುಚ್ಚಿಕೊಂಡವನು ಈಗ ಶನಿವಾರವೇ ನೆನಪಿಸುವಷ್ಟು ಆಗಿದ್ದ. ಈ ವಾರ ಮಾತ್ರ ಮೀಟಿಂಗ್ ಇದೆ ಅಂತ ಜಾರಿಕೊಂಡ. ಅತ್ತೆ ಬಟ್ಟಲು ಹಿಡಿದುಕೊಂಡೇ ಅವನ ಬೆನ್ನು ನೋಡುತ್ತಾ ನಿಂತಿದ್ದರು.

ಕನ್ನಡಕ ತೆಗೆದಿದ್ದಾನೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿಲ್ಲ. ಕಮ್ಮಿಯಾಗಿದೆ ಅಂತಾನೆ. ಇರಬಹುದು. ಇರಲಿ ದೇವರೇ.

ಸೆಪ್ಟೆಂಬರ್ 13, ಶನಿವಾರ

ಮ್ಯಾಚ್ ಬೇರೆ ಊರಿನಲ್ಲಿ. ಟಿವಿಯಲ್ಲಿ ನೋಡಿದೆವು. ಇವರು ಸೋಫಾದ ತುದಿಗೆ ಕೂತು ಹೋ ಅಂತ ಕೂಗುವುದು. ಅತ್ತೆ ಅವರೆಕಾಯಿ ಬಿಡಿಸುತ್ತಾ, ಹಣಮಂತ ಯಾವಾಂವ, ಎಲ್ಲಾರೂ ಒಂದ ಥರ ಕಾಣ್ತಾರ ಅನ್ನುವುದು. ನಾನು ಚೆಂಡು ನೋಡಲಿಲ್ಲ. ಅವನ ತಲೆ ನೋಡಿದೆ.

ಚೆಂಡು ಮೇಲೆ ಹೋದಾಗಲೆಲ್ಲ ನನ್ನ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಹಾರುತ್ತಾನೆ. ಗುದ್ದುತ್ತಾನೆ. ಇಳಿಯುತ್ತಾನೆ. ಇಳಿದ ಮೇಲೆ ಒಂದು ಕ್ಷಣ ಗೋಲ್ ಕಂಬ ಹಿಡಿದುಕೊಳ್ಳುತ್ತಾನೆ. ಅದನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಅಷ್ಟರಲ್ಲಿ ಚೆಂಡಿನ ಹಿಂದೆ ಹೋಗಿರುತ್ತೆ.

ಕೊನೆಗೆ ಒಂದು ಗೋಲೂ ಹೊಡೆದ. ತಲೆಯಿಂದಲೇ. ಇವರು ಎದ್ದು ಕುಣಿದರು. ಕಾಮೆಂಟರಿಯವನು ಈ ಡಿಫೆಂಡರ್ ಬೇಗ ಜರ್ಮನಿಗೆ ವಾಪಸ್ ಹೋಗುತ್ತಾನೆ, ನೋಡಿಕೊಳ್ಳಿ ಅಂದ. ಟೀಮಿನವರೆಲ್ಲ ಓಡಿ ಬಂದು ಅವನ ತಲೆ ತಟ್ಟಿದರು. ತಲೆಯನ್ನೇ ತಟ್ಟುತ್ತಾರೆ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಸೆಪ್ಟೆಂಬರ್ 14, ಭಾನುವಾರ

 ಬರೆದು ಮುಗಿಸಿ ಫೋನ್ ಮಾಡಬೇಕು. ಅಲ್ಲ, ಫೋನ್ ಮಾಡಿ ಬರೆಯಬೇಕು. ಮಾಡುತ್ತೇನೆ. ಮೊದಲು ಏದುಸಿರು ನಿಲ್ಲಲಿ.

ಬೆಳಿಗ್ಗೆ ಬಂದ. ಮುಖ ಬೂದಿ. ಅತ್ತೆ ಕರೆದಾಗ ಇಲ್ಲ ಅನ್ನುವ ಶಕ್ತಿಯೂ ಇರಲಿಲ್ಲ, ಹೋಗಿ ಅವರ ಕಾಲ ಬಳಿ ಕೂತುಬಿಟ್ಟ. ಅತ್ತೆ ಎಣ್ಣೆ ಹಾಕಿ ಬೆರಳಾಡಿಸಿದರು. ಕಿವಿ ಹಿಂದೆ ಬಂದಾಗ ಬೆರಳು ನಿಂತಿತು. ಅವನು ಸಣ್ಣಗೆ ನರಳಿದ. ಅತ್ತೆ ಆ ಜಾಗ ಬಿಟ್ಟು ಉಳಿದ ತಲೆಗೆಲ್ಲ ಎಣ್ಣೆ ಹಚ್ಚಿ, ಹೋಗಿ ಮಲಕ್ಕೊ ಅಂತ ಸನ್ನೆ ಮಾಡಿದರು.

ಆಮೇಲೆ ಅಡಿಗೆಮನೆಗೆ ಬಂದರು. ಎಣ್ಣೆ ಕೈ ಹಾಗೇ ಇತ್ತು.

"ಹುಡುಗನ ತಲಿಗೆ ಪೆಟ್ಟಾಗೈತಿ. ಹೊಸಾದಲ್ಲ. ನಿನಗ ಗೊತ್ತೈತಿ."

ನಾನು ಒಲೆ ನೋಡುತ್ತಾ ನಿಂತೆ.

"ಎಷ್ಟು ದಿನದಿಂದ ನಿನ್ನ ಮಾರಿ ನೋಡಾಕತ್ತೀನಿ ಭುವನಾ. ಆಣಿ ಹಾಕಿಸಿಕೊಂಡಾನೇನು?"

ಬಾಯಿ ಬಿಡಲಿಲ್ಲ. ಕಣ್ಣಿಗೆ ಆಣೆ ಇರಲಿಲ್ಲ, ಅದು ತುಂಬಿಕೊಂಡಿತು. ಅತ್ತೆ ಸ್ಟೂಲು ಎಳೆದು ನನ್ನ ಮುಂದೆ ಕೂತರು. ಸೆರಗು ತಲೆಯಿಂದ ಹಿಂದಕ್ಕೆ ಸರಿಸಿದರು. ಆ ಬಿಳಿ ಕೂದಲನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

"ಹಂಗಾರ ಅದನ್ನ ನನ್ನ ತಲಿಗೆ ಹೊರಳಿಸು. ಹುಡುಗನ ಮ್ಯಾಲಿಂದು ತಗದು ನಿಮ್ಮ ಮ್ಯಾಲ ಹಾಕೀನಿ ಅನ್ನು. ನಮ್ಮವ್ವ ಚನ್ನಬಸವ್ವ ಹಿಂಗ ಮಾಡಿದ್ದ ನೋಡೀನಿ. ಆಮ್ಯಾಲ ಯಾರಿಗೆ ಹೇಳೂದೈತಿ ಹೇಳು."

ನನ್ನ ಕೈಲೆ ಆಗೂದಿಲ್ರಿ ಅತ್ತಿ ಅಂದೆ.

"ನನ್ನ ತಲಿ ಎಂಬತ್ತು ವರ್ಷ ನಡದೈತಿ. ಅವನದಿನ್ನೂ ಹೊಸಾದು. ಇಡು ಕೈ."

ಇಟ್ಟೆ. ಎಣ್ಣೆ ವಾಸನೆ, ವಿಭೂತಿ ವಾಸನೆ. ಹೇಳಿದೆ. ಗಟ್ಟಿ ಹೇಳು ಅಂದರು. ಗಟ್ಟಿ ಹೇಳಿದೆ. ಅವರು ಸೆರಗು ಹೊದ್ದುಕೊಂಡು ಎದ್ದು ಕೈ ತೊಳೆಯಲು ಹೋದರು, ಏನೂ ಆಗದವರ ಹಾಗೆ.

ಹಿತ್ತಿಲಿಗೆ ಹೋಗುತ್ತೇನೆ. ಫೋನ್ ಚಾರ್ಜ್ ಇದೆ.

ಸೆಪ್ಟೆಂಬರ್ 15, ಸೋಮವಾರ

ಆಫೀಸಿಗೆ ಹೋಗಲಿಲ್ಲ.

ನಿನ್ನೆ ಫೋನಿನಲ್ಲಿ ಟೀಮ್ ಡಾಕ್ಟರ್ ಪೂರ್ತಿ ಕೇಳಲೂ ಇಲ್ಲ. ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಬನ್ನಿ, ನಾನು ಅಲ್ಲಿಗೇ ಬರ್ತೀನಿ ಅಂದರು. ಇವರು ಕಾರು ತೆಗೆದರು. ಒಂದು ಮಾತು ಬೈಯಲಿಲ್ಲ ಇವರು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಹಾನೆಸ್ ಹಿಂದಿನ ಸೀಟಿನಲ್ಲಿ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲೇ ಇತ್ತು.

ಸ್ಕ್ಯಾನ್ ಆಯಿತು. ತಲೆಬುರುಡೆಯೊಳಗೆ ಸ್ವಲ್ಪ ರಕ್ತ ಸೋರಿ ನಿಂತಿದೆ. ಸ್ವಲ್ಪವೇ. ಆಪರೇಷನ್ ಬೇಕಾಗಲಿಕ್ಕಿಲ್ಲ, ಆಸ್ಪತ್ರೆಯಲ್ಲಿಟ್ಟು ನೋಡಬೇಕು ಅಂದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಅಂತ ಇವರು ಕೇಳಿದರು. ಹುಡುಗ ಉಳಿಯುವುದು ಕಷ್ಟವಿತ್ತು ಅಂದರು ಡಾಕ್ಟರ್.

ಫುಟ್ಬಾಲ್ ಬಗ್ಗೆ ಹಾನೆಸ್ಸೇ ಕೇಳಿದ. ಕನಿಷ್ಠ ಒಂದು ವರ್ಷ ಇಲ್ಲ. ಆಮೇಲೆ? ಆಮೇಲೆ ನೋಡೋಣ, ಆದರೆ ತಲೆಯಿಂದ ಚೆಂಡು ಹೊಡೆಯುವುದನ್ನು ಮರೆತುಬಿಡು ಅಂದರು ಆಕೆ. ಬಹಳ ಮೃದುವಾಗಿ ಅಂದರು. ತಲೆ ಬಳಸದ ಡಿಫೆಂಡರನ್ನು ಯಾರು ಇಟ್ಟುಕೊಳ್ಳುತ್ತಾರೆ. ಆರು ತಿಂಗಳಲ್ಲಿ ನನಗೂ ಅಷ್ಟು ಆಟ ತಿಳಿದಿದೆ.

ಎಲ್ಲರೂ ಆಚೆ ಹೋದ ಮೇಲೆ ನನ್ನ ಕಡೆ ತಿರುಗಿದ.

"ಕೈ ಇಟ್ಟಿದ್ದೆ ಅಲ್ವಾ ನೀನು."

ಅಷ್ಟೇ. ಗೋಡೆ ಕಡೆ ತಿರುಗಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡೂ ನಾನೇ ಮಾಡಿದೆ.

ಸೆಪ್ಟೆಂಬರ್ 20, ಶನಿವಾರ

ಆ ತಾರೀಖು ಬಂದೇ ಬಂತು. ಹಾನೆಸ್ ಮನೆಗೆ ಬಂದಿದ್ದಾನೆ. ಪರದೆ ಎಳೆದ ಕೋಣೆ. ತಾಯಿ ಗುರುವಾರ ಬಂದಿಳಿದರು, ಸ್ನೇಹಲ್‌ನ ಸ್ಟಡಿ ಟೇಬಲ್ ಸರಿಸಿ ಅಲ್ಲೇ ಹಾಸಿಗೆ ಹಾಕಿಕೊಟ್ಟಿದ್ದೇನೆ. ದೊಡ್ಡ ಕೈಗಳ ಹೆಂಗಸು. ನನಗೆ ಎರಡು ಬೈಗುಳ ಬೀಳುತ್ತವೆ ಅಂತ ಕಾದಿದ್ದೆ. ಎಲ್ಲ ಹೇಳಿದೆ, ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಆಕೆ ಅಂದದ್ದು — ಅವನು ನನಗೆ ಹೇಳಿದ್ದರೆ ನಾನು ಕೊನೆಯವರೆಗೂ ಮುಚ್ಚಿಡುತ್ತಿದ್ದೆನೇನೋ. ಆ ಮಾತು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಜರ್ಮನಿಯ ಆ ಮನುಷ್ಯ ಮ್ಯಾಚಿಗೆ ಮುಂಚೆ ಮನೆಗೆ ಬಂದರು. ಒಳ್ಳೆಯ ಬೂಟು, ಒಳ್ಳೆಯ ಮಾತು. ಹಾನೆಸ್ ಪಕ್ಕ ಸ್ವಲ್ಪ ಹೊತ್ತು ಕೂತು, ಆರೋಗ್ಯ ಮುಖ್ಯ ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ನಾವು ಯೋಚಿಸುತ್ತೇವೆ ಅಂದರು.

ಹಾನೆಸ್ ನಕ್ಕ. ಆಸ್ಪತ್ರೆಯಿಂದ ಬಂದಾಗಿನಿಂದ ಮೊದಲ ಸಲ. ನೋಡಲಾಗಲಿಲ್ಲ ಆ ನಗು.

ಸೆಪ್ಟೆಂಬರ್ 24, ಬುಧವಾರ. ಬಾರ್ಟ್

ಈಗ ಹೊಸ ಚಿಂತೆ. ಅತ್ತೆ.

ಬೆಳಿಗ್ಗೆ ಏಳುವುದು ಸ್ವಲ್ಪ ತಡವಾದರೆ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ, ಹೊದಿಕೆ ಏಳುತ್ತಾ ಬೀಳುತ್ತಾ ಅಂತ. ಶುಗರ್ ದಿನಕ್ಕೆ ಮೂರು ಸಲ ನೋಡುತ್ತೇನೆ. ನಿನ್ನೆ ತಲಿ ಯಾಕೋ ಭಾರ ಅಂದರು, ನನ್ನ ಕೈಯಿಂದ ಬಟ್ಟಲು ಜಾರಿತು. ನೆಗಡಿ ಅಷ್ಟೇ. ಇವತ್ತು ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ, ಇನ್ನೂ ಸತ್ತಿಲ್ಲವ್ವಾ, ಚಾ ಇಡು ಅಂದರು.

ಇವರಿಗೆ ಆಣೆ ಹೊರಳಿಸಿದ್ದನ್ನು ಹೇಳಿಲ್ಲ. ಅವರ ತಾಯಿ. ಮೂಢನಂಬಿಕೆ ಅಂತಾರೆ. ಆಮೇಲೆ ಅವರೂ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ಹಾನೆಸ್ ನನ್ನ ಜೊತೆ ಮಾತಾಡುವುದಿಲ್ಲ. ಥ್ಯಾಂಕ್ ಯೂ, ಸಾರಿ, ಗುಡ್ ನೈಟ್. ರೊಟ್ಟಿ ಒಂದೇ ತಿನ್ನುತ್ತಾನೆ. ಬುಧವಾರ ಸ್ಟೇಷನ್ನಿಗೆ ಇವರು ಬರುತ್ತಾರೆ.

ಅಕ್ಟೋಬರ್ 2, ಗುರುವಾರ. ಸಂಜೆ

ಇವತ್ತು ದಸರೆ. ನಾಳೆ ಹಾನೆಸ್ ತಾಯಿಯ ಜೊತೆ ಹೊರಡುತ್ತಾನೆ. ವಿಮಾನ ಹತ್ತಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ರಕ್ತ ಕರಗುತ್ತಿದೆಯಂತೆ. ಕ್ಲಬ್ಬಿನಿಂದ ಬೆಳಿಗ್ಗೆ ಮೇಲ್ ಬಂದಿದೆ, ಯೋಚಿಸಿ ಮುಗಿಸಿದ್ದಾರೆ. ಬೂಟುಗಳನ್ನೆಲ್ಲ ಗ್ಯಾರೇಜಿನಲ್ಲಿ ಬಿಟ್ಟು ಹೋಗುತ್ತೇನೆ ಅಂದ. ನಾನು ಅಡಗಿಸಿದ್ದ ಜೊತೆಯನ್ನೂ ತಂದು ಅವುಗಳ ಪಕ್ಕ ಇಟ್ಟೆ.

ಸಂಜೆ ಅತ್ತೆ ಊರಿಂದ ತಂದಿದ್ದ ಬನ್ನಿ ಎಲೆ ಹೊರತೆಗೆದರು. ಒಣಗಿ ಪುಡಿಯಾಗುವ ಹಾಗಿದ್ದವು. ಎಲ್ಲರ ಕೈಗೂ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂದರು. ಇವತ್ತು ಬನ್ನಿ ಕೊಟ್ಟರೆ ವರ್ಷದ ಜಗಳವೆಲ್ಲ ಮುಗಿಯಬೇಕು, ಅದು ನಮ್ಮ ಕಡೆಯ ಪದ್ಧತಿ ಅಂತ ಇವರು ಅವನ ತಾಯಿಗೆ ಹೇಳುತ್ತಿದ್ದರು. ಹಾನೆಸ್ ಕೇಳಿಸಿಕೊಂಡ. ಎಲೆ ಹಿಡಿದುಕೊಂಡು ಹಿತ್ತಿಲಿನ ಮೆಟ್ಟಿಲಿಗೆ ಬಂದ. ನಾನು ಅಲ್ಲಿ ಬಟ್ಟೆ ಮಡಚುತ್ತಿದ್ದೆ.

ನನ್ನ ಕೈಗೆ ಎಲೆ ಹಾಕಿದ. ಅಜ್ಜಿ ತನಗೆ ಎಲ್ಲ ಹೇಳಿದರು ಅಂದ. ಅತ್ತೆಗೆ ಇಂಗ್ಲಿಷ್ ಬರಲ್ಲ, ಇವನಿಗೆ ಕನ್ನಡ ಬರಲ್ಲ. ಕೈಸನ್ನೆಯಲ್ಲೇ ಆಗಿರಬೇಕು — ಇವನ ತಲೆಯಿಂದ ತೆಗೆದು ತನ್ನ ತಲೆ ಮೇಲೆ ಹಾಕಿಕೊಂಡದ್ದು. ಅಜ್ಜಿ ಹಾಗೆ ಮಾಡುವುದು ತನಗೆ ಬೇಕಿರಲಿಲ್ಲ ಅಂದ. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತ. 

ಆ ದಿನ ನನ್ನ ಕೈ ಹಿಡಿದು ತಾನೇ ಇಟ್ಟುಕೊಂಡಿದ್ದ. ಇವತ್ತು ಹಿಡಿಯಲಿಲ್ಲ. ತಲೆ ಬಗ್ಗಿಸಿದ, ಅಷ್ಟೇ.

"ಮುಟ್ಟಿ ಹೇಳು. ನಾನು ಮತ್ತೆ ಆಡ್ತೀನಾ?"

ಡಾಕ್ಟರ್ ಹೇಳಿದಾಗ ನಾನೂ ಇದ್ದೆ. ಅವನಿಗೂ ಗೊತ್ತು ನಾನಿದ್ದೆ ಅಂತ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಚೌತಿಯ ದಿನ ಅತ್ತೆಯ ಕೈ ವಾಪಸ್ ಹೋದದ್ದನ್ನು ಅವನು ನೋಡಿದ್ದಾನೆ. ಕೈ ಬಾರದಿದ್ದರೆ ಏನರ್ಥ ಅಂತ ಈ ಮನೆಯಲ್ಲೇ ಕಲಿತಿದ್ದಾನೆ. ಕುತ್ತಿಗೆಯ ಹಿಂದೆ ಸಣ್ಣ ಮಕ್ಕಳಿಗಿರುವ ಹಾಗೆ ಕೂದಲು. ಕಾಯುತ್ತಿದ್ದ.

ಇಟ್ಟೆ. ಕಿವಿ ಹಿಂದಿನ ಆ ಜಾಗಕ್ಕೆ ತಾಗದ ಹಾಗೆ ಇಟ್ಟೆ. "ಆಡ್ತಿ" ಅಂದೆ. ಕನ್ನಡದಲ್ಲೇ ಬಂತು. ಅರ್ಥವಾಯಿತು ಅವನಿಗೆ. ಹಣೆ ನನ್ನ ಮೊಣಕಾಲಿಗೆ ಒತ್ತಿಕೊಂಡು ಹಾಗೇ ಇದ್ದ.

ತಲೆ ಎತ್ತಿ ನೋಡಿದರೆ ಅಡಿಗೆಮನೆ ಕಿಟಕಿಯಲ್ಲಿ ಅತ್ತೆ. ಎಲ್ಲ ನೋಡಿದ್ದಾರೆ. ಈ ಸಲ ಸೆರಗು ಸರಿಸಲಿಲ್ಲ. ಇದು ಹೊರಳಿಸಲಿಕ್ಕೆ ಬರುವಂಥದ್ದಲ್ಲ ಅಂತ ಅವರಿಗೂ ಗೊತ್ತು.

ಈಗ ಒಳಗೆ ಬಟ್ಟೆ ತುಂಬುತ್ತಿದ್ದಾರೆ. ಬೂಟು ಒಂದು ಜೊತೆ ಗ್ಯಾರೇಜಿನಿಂದ ತಂದು ಬ್ಯಾಗಿಗೆ ಹಾಕಿಕೊಂಡ, ಕಂಡೆ. ಹೇಳಿಬಿಟ್ಟಿದ್ದೇನೆ. ತಲೆ ಮುಟ್ಟಿ ಹೇಳಿದ್ದೇನೆ. ಇನ್ನು ಅದು ನಿಜ ಆಗಲೇಬೇಕು. ಆಗದಿದ್ದರೆ ಅವನ ತಲೆಗೆ…